40 ದಿನದ ಶಿಷ್ಯತ್ವದ ಅಭ್ಯಾಸ ಪುಸ್ತಕ: ಪೂರ್ತಿ ಬಳಸಿದ ಮೇಲೆ

ನಮ್ಮ ಚರ್ಚ್ ಸಭೆಯ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿದ ಪುಸ್ತಕ ಇದು. ದಿನಕ್ಕೆ ಎರಡು ಪುಟ. ಎಡಗಡೆ ಬೈಬಲ್ ವಾಕ್ಯ, ವಿವರಣೆ. ಬಲಗಡೆ ಆ ದಿನ ಏನೇನು ಬಿಡಬೇಕು ಅನ್ನೋ ಪಟ್ಟಿ, ಟಿಕ್ ಹಾಕೋಕೆ ಚೌಕಗಳು. ಎಲ್ಲಕ್ಕಿಂತ ಕೆಳಗೆ ಒಂದು ಪ್ರಶ್ನೆ, ಒಂದೇ ಒಂದು ಖಾಲಿ ಸಾಲು: ‘ಇವತ್ತು ಯಾರ ಭಾರ ಹೊತ್ತೆ?’

ವಿವರಣೆಗಳು ತುಂಬಾ ಚೆನ್ನಾಗಿವೆ. ಎರಡನೇ ದಿನ ಲೂಕ 9:23. ನನ್ನ ಹಿಂದೆ ಬರುವವನು ತನ್ನನ್ನು ನಿರಾಕರಿಸಿ, ದಿನಾಲೂ ತನ್ನ ಶಿಲುಬೆ ಹೊತ್ತು ಬರಲಿ ಅಂತ ಯೇಸು ಹೇಳಿದ್ದು. ಮತ್ತಾಯ, ಮಾರ್ಕ ಇಬ್ಬರ ಸುವಾರ್ತೆಗಳಲ್ಲೂ ಈ ಮಾತಿದೆ, ಆದರೆ ‘ದಿನಾಲೂ’ ಅನ್ನೋದು ಲೂಕನಲ್ಲಿ ಮಾತ್ರ. ಇಷ್ಟು ವರ್ಷ ಓದಿಯೂ ನಾನಿದನ್ನು ಗಮನಿಸಿರಲಿಲ್ಲ. ಇಲ್ಲಿ ‘ನಿರಾಕರಿಸು’ ಅನ್ನೋದಕ್ಕೆ ಇರುವ ಗ್ರೀಕ್ ಕ್ರಿಯಾಪದವನ್ನೇ ಲೂಕ ಯೇಸುವಿನ ಶಿಷ್ಯ ಪೇತ್ರನ ವಿಷಯದಲ್ಲೂ ಬಳಸುತ್ತಾನಂತೆ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಬೆಂಕಿಯ ಹತ್ತಿರ ಕೂತು ‘ಅವನನ್ನು ನಾನರಿಯೆ’ ಅಂದ ಕಡೆ. ಪೇತ್ರ ಯೇಸುವಿನ ಬಗ್ಗೆ ಹೇಳಿದ್ದನ್ನು ನಾನು ನನ್ನ ಬಗ್ಗೆ ಹೇಳಬೇಕು. ನನ್ನ ಹಟ ಎದ್ದು ನಿಂತಾಗ ‘ನೀನ್ಯಾರೋ ನನಗೆ ಗೊತ್ತಿಲ್ಲ’ ಅನ್ನಬೇಕು. ಆ ಪುಟ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ತೊಂದರೆ ಇರೋದು ಬಲಗಡೆಯ ಪುಟದಲ್ಲಿ. ಮೊದಲ ಒಂಬತ್ತು ದಿನ ಎಲ್ಲ ಚೌಕಕ್ಕೂ ಟಿಕ್ ಹಾಕಿದ್ದೆ. ಫೋನ್ ಬಿಟ್ಟೆ, ಒಂದು ಹೊತ್ತಿನ ಊಟ ಬಿಟ್ಟೆ, ಬೇಗ ಎದ್ದೆ. ಒಂಬತ್ತನೇ ದಿನ ಸಂಜೆ ಹಾಸಿಗೆ ಹಿಡಿದ ನಮ್ಮತ್ತೆ ಮೂರನೇ ಸಲ ಕರೆದಾಗ, ‘ಒಂದು ನಿಮಿಷ ಪ್ರಾರ್ಥನೆ ಮಾಡೋಕೂ ಬಿಡಲ್ವಾ?’ ಅಂತ ರೇಗಿಬಿಟ್ಟೆ. ಆಮೇಲೆ ಪುಸ್ತಕ ತಿರುವಿ ನೋಡಿದರೆ, ಕೆಳಗಿನ ಆ ಸಾಲು ಒಂಬತ್ತು ದಿನವೂ ಖಾಲಿ. ಉಪವಾಸ ಮಾಡುತ್ತಲೇ ಜಗಳ ಆಡುವವರ ಬಗ್ಗೆ ಹೇಳುವ ಯೆಶಾಯ 58 ಈ ಪುಸ್ತಕದಲ್ಲಿ ಬರೋದು 27ನೇ ದಿನ. ಅದು ಮೊದಲ ವಾರವೇ ಬರಬೇಕಿತ್ತು. ನಾನು ಬಿಟ್ಟಿದ್ದು ಯಾರ ಕೈಗೂ ಸೇರದಿದ್ದರೆ ಅದು ಬರೀ ಪಥ್ಯ ಅಲ್ವಾ?

16ನೇ ದಿನ ಯೋಹಾನ 13. ಯೇಸು ಊಟದಿಂದೆದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಭಾಗ. ಯೇಸುವನ್ನು ಹಿಡಿದುಕೊಡಲಿದ್ದ ಯೂದ ಇನ್ನೂ ಎದ್ದು ಹೋಗಿರಲಿಲ್ಲ, ಅವನ ಕಾಲೂ ಅದರಲ್ಲಿತ್ತು. ಅವತ್ತು ಬೇಸಿನ್‌ನಲ್ಲಿ ಬಿಸಿನೀರು ತಗೊಂಡು ಅತ್ತೆಯ ಕೋಣೆಗೆ ಹೋದೆ. ಅವರು ಕಾಲು ಎಳೆದುಕೊಂಡರು. ‘ಬೇಡಮ್ಮ, ನೀನು ಇದನ್ನೆಲ್ಲ ಮಾಡಬಾರದು.’ ಯೇಸು ಕಾಲು ತೊಳೆಯೋಕೆ ಬಂದಾಗ ಪೇತ್ರನೂ ಇದನ್ನೇ ಅಲ್ವಾ ಹೇಳಿದ್ದು? ನಾನು ಕೆಳಗೇ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಒಂದು ಕಾಲು ನೀರಿಗೆ ಇಟ್ಟರು. ಹಿಮ್ಮಡಿ ಒಡೆದು ಬಿರುಕಿನಲ್ಲೆಲ್ಲ ಕಪ್ಪು ಕೂತಿತ್ತು. ಹೆಬ್ಬೆರಳಿನ ಉಗುರು ದಪ್ಪಗಾಗಿ, ಮಡಚಿಕೊಂಡು ಮಾಂಸದೊಳಗೆ ಇಳಿದಿತ್ತು. ಎಷ್ಟು ದಿನದಿಂದ ನೋಯ್ತಿತ್ತೋ. ದಿನಾ ಅದೇ ಕೋಣೆಗೆ ಹೋಗಿ ಬರುವ ನಾನು ನೋಡಿರಲೇ ಇಲ್ಲ. ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಚೂರು ಚೂರೇ ಕತ್ತರಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ರಾತ್ರಿ ಮೊದಲ ಸಲ ಖಾಲಿ ಸಾಲಿನಲ್ಲಿ ಬರೆದೆ: ಅತ್ತೆ, ಬಲಗಾಲಿನ ಹೆಬ್ಬೆರಳು.

ವಾರದ ಕೊನೆಗೆ ಗುಂಪಿನಲ್ಲಿ ಎಷ್ಟು ಟಿಕ್ ಬಿತ್ತು ಅಂತ ಹೇಳಿ ಅನ್ನುತ್ತದೆ ಪುಸ್ತಕ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗಬಾರದು ಅಂತ ಮತ್ತಾಯ 6ರಲ್ಲಿ ಇದೆಯಲ್ಲ. ಮೂರನೇ ವಾರದಿಂದ ನಾವು ಲೆಕ್ಕ ಹೇಳೋದು ಬಿಟ್ಟು, ಯಾರಿಗೆ ಏನು ಸಹಾಯ ಬೇಕು ಅಂತ ಮಾತ್ರ ಕೇಳಿಕೊಂಡೆವು.

ಇನ್ನೊಂದು ದೊಡ್ಡ ಕೊರತೆ. ಈಗಾಗಲೇ ಸೇವೆ ಮಾಡಿ ಮಾಡಿ ಸೋತವರಿಗೆ ಇದರಲ್ಲಿ ಒಂದು ಮಾತೂ ಇಲ್ಲ. ಯೇಸು ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದ, ಜನರನ್ನು ಬಿಟ್ಟು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದ. ಮನೆಯಲ್ಲಿ ಹೊಡೆತ ಸಹಿಸಿಕೊಂಡಿರುವವರಿಗೆ ‘ಅದೇ ನಿನ್ನ ಶಿಲುಬೆ’ ಅಂತ ಯಾರೂ ಹೇಳಬಾರದು. ಅಂಥ ಸ್ಥಿತಿಯಲ್ಲಿ ಇರುವವರ ಕೈಗೆ ಈ ಪುಸ್ತಕ ಕೊಡಬೇಡಿ, ಮೊದಲು ಅವರ ಜೊತೆ ಕೂತು ಮಾತಾಡಿ.

ಕಾಗದ, ಅಚ್ಚು ಎಲ್ಲ ಚೆನ್ನಾಗಿದೆ. ಗುಂಪಾಗಿ ಮಾಡುವವರು ಧೈರ್ಯವಾಗಿ ತಗೊಳ್ಳಬಹುದು. ನಾನು ಎರಡನೇ ಸುತ್ತು ಶುರು ಮಾಡಿದ್ದೇನೆ. ಈ ಸಲ ಬೆಳಿಗ್ಗೆಯೇ ಚೌಕಗಳ ಮೇಲೆ ಅಡ್ಡಗೆರೆ ಎಳೆದು, ಅಲ್ಲಿ ಒಬ್ಬರ ಹೆಸರು ಬರೆಯುತ್ತೇನೆ.