ದುಂಡು ಕೊರಡಿಗೆ ವಿ-ಜಿಗ್: ಅಂಗಡಿಯದಕ್ಕಿಂತ ಮನೆಯದೇ ವಾಸಿ

ದುಂಡು ಕೊರಡನ್ನು ಬ್ಯಾಂಡ್‌ಸಾದಲ್ಲಿ (ಪಟ್ಟಿ ಗರಗಸದ ಯಂತ್ರದಲ್ಲಿ) ಬರಿಗೈಲಿ ಅಡ್ಡ ಕೊಯ್ದರೆ, ಹಲ್ಲು ಕಚ್ಚಿದೊಡನೆ ಅದು ಗಿರ್ರನೆ ಉರುಳುತ್ತದೆ. ಬ್ಲೇಡು ಸೊಟ್ಟಗಾಗುತ್ತದೆ, ಬೆರಳೂ ಒಳಗೆ ಹೋಗಬಹುದು.

ಇದಕ್ಕೆ ಮದ್ದು ವಿ-ಜಿಗ್, ಅಂದರೆ ಕೊರಡು ಉರುಳದಂತೆ ಹಿಡಿಯುವ V ಆಕಾರದ ತೊಟ್ಟಿಲು: 18 ಮಿ.ಮೀ. ಪ್ಲೈವುಡ್ ತಳ, ಅದರ ಮೇಲೆ 45 ಡಿಗ್ರಿ ಓರೆ ಮಾಡಿದ ಎರಡು ಪಟ್ಟಿ ಎದುರುಬದುರು. ತಳದಡಿ, ಟೇಬಲ್ಲಿನ ಕಾಲುವೆಗೆ ಕೂರುವ ಗಟ್ಟಿಮರದ ರೀಪು. ಬ್ಲೇಡಿನ ದಾರಿಯಲ್ಲಿ ಸ್ಕ್ರೂ ಬೇಡವೇ ಬೇಡ, ಬರೀ ಅಂಟು. ಮೊದಲ ಕೊಯ್ತವನ್ನು ಪಟ್ಟಿಗಳು ದಾಟಿದ ಕೂಡಲೇ ನಿಲ್ಲಿಸಿ. ತಳದ ಹಿಂದಿನ 50 ಮಿ.ಮೀ. ಉಳಿದರೆ ಜಿಗ್ ಎರಡು ಹೋಳಾಗುವುದಿಲ್ಲ.

ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರದಂಥ ಸಣ್ಣ, ನೇರ ಕೊರಡಿಗೆ ಹೇಳಿಮಾಡಿಸಿದಂತಿದೆ. ಡೊಂಕು ಕೊರಡು ಮಾತ್ರ ಅಲುಗಾಡುತ್ತದೆ, ಬೆಣೆ ಬಡಿಯಲೇಬೇಕು. ಹಸಿಮರಕ್ಕೆ ಇಂಚಿಗೆ 3 ಹಲ್ಲಿನ ಬ್ಲೇಡು ಹಾಕಿ. ಸಣ್ಣ ಹಲ್ಲಿನ ಸಂದಿಯಲ್ಲಿ ಒದ್ದೆ ಹೊಟ್ಟು ಮೆತ್ತಿಕೊಂಡು ಕೊಯ್ತ ಅಡ್ಡದಾರಿ ಹಿಡಿಯುತ್ತದೆ.