ಬಾಡಿಗೆ ಮನೆಗೆ ಅಗ್ಗದ ಗ್ಯಾಸ್ ಗೀಸರ್ ಹಾಕಿಸುವ ಮುಂಚೆ ಇದನ್ನು ಓದಿ

ಬಾಡಿಗೆ ಮನೆಯ ಹಳೆ ಗೀಸರ್ ಕೆಟ್ಟಿದೆ, ಅದರ ಜಾಗಕ್ಕೆ ಕಡಿಮೆ ದುಡ್ಡಿನದ್ದೊಂದು ಹುಡುಕುತ್ತಿದ್ದೀರಿ, ಅಂಗಡಿಯಲ್ಲಿ ಗ್ಯಾಸ್ ಗೀಸರ್ ತೋರಿಸಿದ್ದಾರೆ ಎಂದಾದರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಹಾಕಿಸಲೇಬೇಡಿ. ಮಾಲೀಕರು ಹೇಳಿದರೂ ಬೇಡ, ಫಿಟ್ ಮಾಡಲು ಬಂದವನು ಎಷ್ಟೇ ಧೈರ್ಯ ಕೊಟ್ಟರೂ ಬೇಡ. ನನ್ನ ತಂಗಿ ಇವತ್ತು ನಮ್ಮ ಜೊತೆ ಇದ್ದಾಳೆಂದರೆ ಅದಕ್ಕೆ ಕಾರಣ ಬಚ್ಚಲಿನ ಬಾಗಿಲಿನ ಚಿಲಕ ಸಡಿಲವಾಗಿತ್ತು, ಅಷ್ಟೇ.

ನಾವಿರುವ ಮನೆಯ ಕರೆಂಟ್ ಗೀಸರಿನ ಟ್ಯಾಂಕ್ ತುಕ್ಕು ಹಿಡಿದು ಸೋರತೊಡಗಿತ್ತು. ಮಾಲೀಕರು, "ಯಾವುದಾದ್ರೂ ಕಮ್ಮಿ ರೇಟಿಂದು ಹಾಕಿಸ್ಕೊಳ್ಳಿ, ಬಿಲ್ ಕೊಡಿ, ಬಾಡಿಗೇಲಿ ಮುರ್ಕೊಳ್ಳೋಣ" ಎಂದರು. ನ್ಯಾಯವಾದ ಮಾತೇ. ಅಂಗಡಿಯವರು ನೇರವಾಗಿ ಗ್ಯಾಸ್ ಗೀಸರಿನ ಮುಂದೆ ನಿಲ್ಲಿಸಿದರು. ಕರೆಂಟ್ ಬಿಲ್ ಬರಲ್ಲ, ನಲ್ಲಿ ತಿರುಗಿಸಿದರೆ ಬಿಸಿನೀರು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು, ಬಾಡಿಗೆ ಮನೆಗೆ ಹೇಳಿ ಮಾಡಿಸಿದ್ದು ಎಂದರು. ಫಿಟ್ ಮಾಡುವಾಗ ಅಮ್ಮ ಕೇಳಿದರು, "ಇದರ ಹೊಗೆ ಎಲ್ಲಿಗೆ ಹೋಗತ್ತಪ್ಪಾ?" ಅವನು, "ಗ್ಯಾಸಲ್ಲಿ ಹೊಗೆ ಎಲ್ಲಿ ಬರತ್ತಮ್ಮ? ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಸಾಕು" ಅಂದ. ಖಾಲಿ ಪೆಟ್ಟಿಗೆ ಅವನೇ ಒಯ್ದ, ಕೈಪಿಡಿ ಅದರೊಳಗೇ ಹೋಯಿತು. ಆಮೇಲೆ ಕಂಪನಿಯವರಿಂದ ತರಿಸಿಕೊಂಡು ನೋಡಿದರೆ ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು: ಬಾತ್‌ರೂಮಿನ ಒಳಗೆ ಅಳವಡಿಸಬಾರದು.

ಮೊದಲು ಬಂದದ್ದು ತಲೆನೋವು. ತಂಗಿಯದು ಉದ್ದ ಕೂದಲು, ತಲೆಗೆ ನೀರು ಹಾಕಿಕೊಂಡ ದಿನ ಸ್ನಾನ ತಡವಾಗುತ್ತದೆ. ಅವತ್ತೆಲ್ಲ ಹೊರಗೆ ಬಂದವಳೇ ಮಂಚ ಹಿಡಿಯುತ್ತಿದ್ದಳು. ಓಕರಿಕೆ, ಕಣ್ಣು ಮಂಜು, ಕಾಲಲ್ಲಿ ಬಲವಿಲ್ಲ. ಮಹಡಿಯ ಮೇಲೆ ಹೋಗಿ ಗಾಳಿಯಲ್ಲಿ ಕೂತರೆ ಒಂದಷ್ಟು ಹೊತ್ತಿಗೆ ಸರಿಹೋಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಆಕ್ಸಿಜನ್ 98 ಇದೆ, ನಿಶ್ಶಕ್ತಿ ಇರಬೇಕು ಎಂದು ಮಾತ್ರೆ ಬರೆದುಕೊಟ್ಟರು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಬಕೆಟ್ ತುಂಬಿ ಚೆಲ್ಲುವ ಸದ್ದು ನಿಲ್ಲಲೇ ಇಲ್ಲ. ಕೂಗಿದರೆ ಉತ್ತರವಿಲ್ಲ. ಹೆಗಲು ಕೊಟ್ಟು ನೂಕಿದೆ, ಚಿಲಕ ಕಿತ್ತುಬಂತು. ತಂಗಿ ಗೋಡೆಗೆ ಒರಗಿದ ಹಾಗೇ ಜಾರಿ ಕೂತಿದ್ದಳು. ನೀರು ಇನ್ನೂ ಬೀಳುತ್ತಿತ್ತು, ಗೀಸರಿನ ಪುಟ್ಟ ಕಿಂಡಿಯಲ್ಲಿ ಜ್ವಾಲೆ ಹಳದಿಯಾಗಿ ಉದ್ದಕ್ಕೆ ಎದ್ದಿತ್ತು. ಗ್ಯಾಸಿನ ವಾಸನೆ ಒಂದಿಷ್ಟೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಮನೇಲಿ ಗ್ಯಾಸ್ ಗೀಸರ್ ಇದೆಯಾ?" ರಕ್ತ ಪರೀಕ್ಷೆಗೆ ಕಳಿಸಿ, ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಕೊಟ್ಟರು. ಕಾರ್ಬನ್ ಮೊನಾಕ್ಸೈಡ್ ವಿಷ ಎಂದು ಖಚಿತವಾಯಿತು. ಕ್ಲಿನಿಕ್ಕಿನಲ್ಲಿ 98 ಹೇಗೆ ಬಂತು ಎಂದು ಕೇಳಿದೆ. ಮಾಮೂಲಿ ಆಕ್ಸಿಮೀಟರಿಗೆ ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್ ಯಾವುದು, ಕಾರ್ಬನ್ ಮೊನಾಕ್ಸೈಡ್ ಹಿಡಿದದ್ದು ಯಾವುದು ಎಂದು ಗೊತ್ತಾಗುವುದಿಲ್ಲವಂತೆ. ವಿಷ ಏರಿದ್ದರೂ ಅಂಕಿ ಚೆನ್ನಾಗಿಯೇ ತೋರಿಸಬಹುದು. ಈ ಅನಿಲ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಸೋರಿದರೆ ತಿಳಿಯಲೆಂದು ವಾಸನೆ ಬೆರೆಸಿರುತ್ತಾರೆ, ಆದರೆ ಅದು ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಅದಿಲ್ಲ. ವಾಸನೆ ಬಂದರೆ ಗೊತ್ತಾಗುತ್ತೆ ಎಂದು ಕೂತವರಿಗೆ ಗೊತ್ತಾಗುವುದೇ ಇಲ್ಲ.

ಅಂಗಡಿಯಲ್ಲಿ ಯಾರೂ ಹೇಳದ ಲೆಕ್ಕ ಇದು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 10 ಕಿಲೋವ್ಯಾಟಿಗೂ ಹೆಚ್ಚು ಶಾಖ ಬೇಕು. ಅಂದರೆ ಅಡುಗೆ ಒಲೆಯ ಐದಾರು ಬರ್ನರುಗಳನ್ನು ಬಚ್ಚಲಿನಲ್ಲಿ ಒಟ್ಟಿಗೆ ಉರಿಸಿದಷ್ಟು. ಹೀಗೆ 15 ನಿಮಿಷ ಬಿಡದೆ ಉರಿದರೆ ಹತ್ತಿರ ಹತ್ತಿರ 3 ಘನ ಮೀಟರ್ ಗಾಳಿಯ ಆಮ್ಲಜನಕ ಮುಗಿಯುತ್ತದೆ. ಚಿಕ್ಕ ಬಚ್ಚಲಿನಲ್ಲಿ ಇರುವ ಗಾಳಿಯೇ 5–6 ಘನ ಮೀಟರ್. ಗಾಳಿ ಸಾಲದಾದಾಗ ಗ್ಯಾಸ್ ಅರೆಬರೆ ಉರಿಯುತ್ತದೆ, ವಿಷ ಹುಟ್ಟುವುದು ಆಗಲೇ. ನೀಲಿ ಜ್ವಾಲೆ ಹಳದಿಗೆ ತಿರುಗುವುದು, ಗೀಸರಿನ ಮೇಲಿನ ಗೋಡೆಗೆ ಮಸಿ ಹಿಡಿಯುವುದು ಇದರ ಗುರುತು. ನಮ್ಮ ಬಚ್ಚಲಿನ ತಾರಸಿಯ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆ ಇತ್ತು, ಬೂಷ್ಟು ಎಂದುಕೊಂಡು ಅಮ್ಮ ಉಜ್ಜಿದ್ದರು. ಆದರೆ ಗುರುತು ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ, ಜ್ವಾಲೆ ನೀಲಿಯಾಗಿದ್ದಾಗಲೂ ವಿಷ ಇರಬಹುದು.

ಎಕ್ಸಾಸ್ಟ್ ಫ್ಯಾನಿನ ಮಾತನ್ನಂತೂ ನಂಬಲೇಬೇಡಿ. ಹೊರಗಿನ ಗಾಳಿ ಒಳಬರಲು ಕೆಳಗೆ ದಾರಿಯೇ ಇಲ್ಲದಿದ್ದರೆ ಫ್ಯಾನ್ ಎಳೆಯುವುದಾದರೂ ಏನನ್ನು? ಕೊಳವೆಯಿದ್ದು ಕೋಣೆಯ ಗಾಳಿಯನ್ನೇ ಬಳಸುವ ಗೀಸರಾದರೆ ಇನ್ನೂ ಕೆಟ್ಟದ್ದು, ಆ ಫ್ಯಾನ್ ಹೊರಹೋಗಬೇಕಾದ ಹೊಗೆಯನ್ನು ವಾಪಸ್ ಒಳಗೆ ಎಳೆಯಬಲ್ಲದು. "ಸೇಫ್ಟಿ ಇದೆ" ಎಂದು ತೋರಿಸುವುದು ಸಾಮಾನ್ಯವಾಗಿ ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸುವ ವಾಲ್ವನ್ನು. ನಮ್ಮಲ್ಲಿ ಜ್ವಾಲೆ ಆರಿರಲೇ ಇಲ್ಲ.

ಗ್ಯಾಸೇ ಬೇಕೆಂದಿದ್ದರೆ ಉರಿಯಲು ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ತೆಗೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವ, ಪೂರ್ತಿ ಮುಚ್ಚಿದ ಮಾದರಿ ಸಿಗುತ್ತದೆ. ಬೆಲೆ ಹೆಚ್ಚು, ಗೋಡೆ ಕೊರೆಯಬೇಕು, ಮಾಲೀಕರ ಒಪ್ಪಿಗೆ ಬೇಕು. ಇಲ್ಲವೇ ಗೀಸರನ್ನು ತೆರೆದ ಬಾಲ್ಕನಿಯಲ್ಲಿಟ್ಟು ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ.

ನಾವು ಈಗ ಹಾಕಿಸಿರುವುದು 25 ಲೀಟರಿನ ಕರೆಂಟ್ ಗೀಸರ್. 2 ಕಿಲೋವ್ಯಾಟಿನದು, ನೀರು 25ರಿಂದ 60 ಡಿಗ್ರಿಗೆ ಏರಲು ಅರ್ಧ ಗಂಟೆ ಕಾಯಬೇಕು. ಕಾಯುತ್ತೇವೆ. 3 ಕಿಲೋವ್ಯಾಟಿನ ಪುಟ್ಟ ಇನ್‌ಸ್ಟಂಟ್ ಇನ್ನೂ ಅಗ್ಗ ಎಂದು ಕೆಲವರು ಹೇಳುತ್ತಾರೆ. 20 ಡಿಗ್ರಿ ಏರಿಸಬೇಕೆಂದರೆ ಅದರಿಂದ ನಿಮಿಷಕ್ಕೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಬರುತ್ತದೆ, ಪಾತ್ರೆ ತೊಳೆಯಲು ಸರಿ, ಸ್ನಾನಕ್ಕಲ್ಲ. ಕರೆಂಟಿನದಕ್ಕೂ ಅರ್ಥಿಂಗ್ ಸರಿಯಿದೆಯೇ, 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಇದೆಯೇ, ಒತ್ತಡ ಬಿಡುವ ವಾಲ್ವ್ ಹಾಕಿದ್ದಾರೆಯೇ ನೋಡಿ. ಗಡಸು ನೀರಾದರೆ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಹಾಕಿರುವ ಮೆಗ್ನೀಸಿಯಂ ಕಡ್ಡಿಯನ್ನು ಆಗಾಗ ಪರೀಕ್ಷಿಸಿ ಬದಲಿಸಬೇಕು. ನಮ್ಮ ಹಳೆ ಟ್ಯಾಂಕ್ ಬಿಚ್ಚಿದಾಗ ಆ ಕಡ್ಡಿಯ ಜಾಗದಲ್ಲಿ ಬರೀ ತಂತಿ ಉಳಿದಿತ್ತು.

ಈಗಾಗಲೇ ಬಚ್ಚಲಿನಲ್ಲಿ ಇಂಥ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಸಿಲಿಂಡರಿನ ವಾಲ್ವ್ ಮುಚ್ಚಿ, ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಬದಲಿ ಬರುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆರೆದು, ನೀವೂ ಅಲ್ಲಿ ನಿಲ್ಲದೆ, ಅವರನ್ನು ತಕ್ಷಣ ಬಯಲಿಗೆ ಎಳೆದು ತನ್ನಿ. ಆಸ್ಪತ್ರೆಗೆ ಹೋದಾಗ "ಮನೆಯಲ್ಲಿ ಗ್ಯಾಸ್ ಗೀಸರ್ ಇದೆ, ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ನೋಡಿ" ಎಂದು ನೀವಾಗಿಯೇ ಹೇಳಿ.