ಮಿಲ್ಕ್ ಸ್ನೇಕ್ ತೊಟ್ಟಿಗೆ ಝೂ ಮೆಡ್ ಹೀಟ್ ಮ್ಯಾಟ್: ಥರ್ಮೋಸ್ಟ್ಯಾಟ್ ಇಲ್ಲದೆ ಪ್ಲಗ್ ಹಾಕಬೇಡಿ

ಸಾಕಿದ ಮಿಲ್ಕ್ ಸ್ನೇಕ್ (ಅಮೆರಿಕ ಖಂಡದ ವಿಷವಿಲ್ಲದ ಹಾವು) ಇಲಿ ಮುಟ್ಟದಿದ್ದರೆ, ಅಥವಾ ನುಂಗಿದ ಇಲಿಯನ್ನು ಎರಡು ಮೂರು ದಿನಕ್ಕೆ ಕಕ್ಕಿದರೆ, ಇಲಿಯನ್ನು ದೂರುವ ಮೊದಲು ತೊಟ್ಟಿಯ ತಳದ ಕಾವು ಅಳೆಯಿರಿ. ಹಾವಿಗೆ ಮೈಯೊಳಗೆ ಸ್ವಂತ ಕಾವಿಲ್ಲ. ತಳ ತಣ್ಣಗಿದ್ದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಆಮೇಲೆ ಹೊರಗೆ ಬರುತ್ತದೆ. ಅದಕ್ಕೇ ಅಮೆರಿಕದಲ್ಲಿ ಈ ಹಾವು ಸಾಕುವ ಹಲವರು ಮೊದಲು ಕೊಳ್ಳುವುದು ಹೀಟ್ ಮ್ಯಾಟ್, ಅಂದರೆ ಗಾಜಿನ ತೊಟ್ಟಿಯ ಅಡಿಗೆ ಹೊರಗಿನಿಂದ ಅಂಟಿಸುವ, ಕರೆಂಟಿನಿಂದ ಕಾಯುವ ಹಾಳೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಲ್ಲಿನ ಸಾಕುಪ್ರಾಣಿ ಸಾಮಾನಿನ ಕಂಪನಿ ಝೂ ಮೆಡ್‌ನ ರೆಪ್ಟಿಥರ್ಮ್.

ಇದರಲ್ಲಿ ನಾಲ್ಕು ಅಳತೆಗಳಿವೆ, ಈ ಹಾವಿಗೆ ಬೇಕಾಗುವವು ಎರಡು. 10ರಿಂದ 20 ಗ್ಯಾಲನ್ (ಒಂದು ಗ್ಯಾಲನ್ ಸುಮಾರು 3.8 ಲೀಟರ್) ತೊಟ್ಟಿಗೆ 8 ವ್ಯಾಟ್‌ನದು, 30ರಿಂದ 40 ಗ್ಯಾಲನ್‌ಗೆ 16 ವ್ಯಾಟ್‌ನದು. ಮರಿಗೆ, ಎಳೆ ಹಾವಿಗೆ ಮೊದಲನೆಯದು ಸಾಕು. ನಾಲ್ಕೈದು ಅಡಿ ಬೆಳೆಯುವ ಹೊಂಡುರನ್ ಮಿಲ್ಕ್ ಸ್ನೇಕ್ ಜಾತಿಗೆ 40 ಗ್ಯಾಲನ್ ತೊಟ್ಟಿ, ದೊಡ್ಡ ಮ್ಯಾಟ್ ಬೇಕು. ಮ್ಯಾಟ್ ತಳದ ಮೂರನೇ ಒಂದು ಭಾಗವನ್ನಷ್ಟೇ ಆವರಿಸಲಿ, ಅದೂ ಒಂದು ತುದಿಯಲ್ಲಿ. ಬೆಚ್ಚಗಿನ ತುದಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು 22ರಿಂದ 25 ಇದ್ದರೆ ಹಾವು ತನಗೆ ಬೇಕಾದ ಕಡೆ ಹೋಗಿ ಮಲಗುತ್ತದೆ. ಎರಡು ತುದಿಗೂ ಒಂದೊಂದು ಅಡಗುಗೂಡು ಇಡಿ. ಗೂಡು ಒಂದೇ ಇದ್ದರೆ ಬಚ್ಚಿಟ್ಟುಕೊಳ್ಳುವ ಆಸೆಗೆ ಕಾವನ್ನೇ ಬಿಟ್ಟುಕೊಡುತ್ತದೆ.

ಮ್ಯಾಟ್ ಸಮವಾಗಿ ಕಾಯುತ್ತದೆ, ಸದ್ದಿಲ್ಲ, ಬೆಳಕಿಲ್ಲ. ರಾತ್ರಿ ಓಡಾಡುವ, ಬಿಲದಲ್ಲಿರುವ ಹಾವಿಗೆ ಇದು ಹೇಳಿ ಮಾಡಿಸಿದಂತಿದೆ. ದೊಡ್ಡ ಕೊರತೆಯೆಂದರೆ ಇದರೊಳಗೆ ಕಾವಿನ ಹತೋಟಿ ಇಲ್ಲ. ಹಾಗೇ ಪ್ಲಗ್ ಹಾಕಿದರೆ ಗಾಜು ಹಾವಿನ ಹೊಟ್ಟೆ ಸುಡುವಷ್ಟು ಕಾಯಬಹುದು. ಅದಕ್ಕೇ ಕಾವು ಹೆಚ್ಚಾದಾಗ ಮ್ಯಾಟನ್ನು ತಾನೇ ಆರಿಸುವ ಥರ್ಮೋಸ್ಟ್ಯಾಟ್ ಬೇಕು. ಮಿಲ್ಕ್ ಸ್ನೇಕ್ ತಳಕ್ಕೆ ಹಾಸಿದ ಆಸ್ಪೆನ್ ಮರದ ತುರಿಯನ್ನು ಅಗೆದು ಗಾಜಿಗೇ ಅಂಟಿ ಮಲಗುವುದರಿಂದ, ಮೇಲಿನ ತುರಿಯ ಉಷ್ಣತೆ ಅಳೆದು ನೆಮ್ಮದಿಪಡುವುದು ತಪ್ಪು. ಥರ್ಮೋಸ್ಟ್ಯಾಟ್‌ನ ಪ್ರೋಬ್ (ಕಾವು ಅಳೆಯುವ ತಂತಿಯ ತುದಿ) ಮ್ಯಾಟ್ ಮತ್ತು ಗಾಜಿನ ನಡುವೆ, ತೊಟ್ಟಿಯ ಹೊರಗೇ ಇರಲಿ. ಒಳಗಿಟ್ಟರೆ ಹಾವು ಅದನ್ನು ಎಳೆದು ತಣ್ಣಗಿನ ಕಡೆ ತಳ್ಳುತ್ತದೆ. ಆಗ ಥರ್ಮೋಸ್ಟ್ಯಾಟ್ ತೊಟ್ಟಿ ತಣ್ಣಗಿದೆ ಎಂದು ತಿಳಿದು ಮ್ಯಾಟನ್ನು ಆರಿಸುವುದೇ ಇಲ್ಲ. ಹೊರಗಿನ ಪ್ರೋಬ್ ಗಾಜಿನ ಒಳಮೈಗಿಂತ ಒಂದೆರಡು ಡಿಗ್ರಿ ಹೆಚ್ಚು ತೋರಿಸಬಹುದು. ತುರಿ ಸರಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಗಾಜನ್ನೇ ಅಳೆದು ಹೊಂದಿಸಿ. ಒಂದು ದಿನ ಹಾಗೇ ಓಡಲಿ, ಮತ್ತೆ ಅಳೆಯಿರಿ, ಹಾವನ್ನು ಆಮೇಲೆ ಬಿಡಿ. ಒಳಗೆ ಎಲ್ಲೂ ಟೇಪ್ ಬೇಡ, ಚರ್ಮ ಅಂಟಿ ಕಿತ್ತುಬರುತ್ತದೆ.

ಇನ್ನೊಂದು ತೊಡಕು ಅಂಟು. ಒಮ್ಮೆ ಅಂಟಿಸಿದ ಮ್ಯಾಟನ್ನು ಕಿತ್ತರೆ ಒಳಗಿನ ತಂತಿ ಮಡಚಿ ಅಲ್ಲಲ್ಲಿ ವಿಪರೀತ ಕಾಯುತ್ತದೆ. ಕಿತ್ತದ್ದನ್ನು ಮತ್ತೆ ಬಳಸಲೇಬೇಡಿ. ಜೊತೆಗೆ ಬರುವ ರಬ್ಬರ್ ಕಾಲುಗಳನ್ನು ತೊಟ್ಟಿಯ ಮೂಲೆಗಳಿಗೆ ಹಾಕಲೇಬೇಕು. ಅಡಿಯಲ್ಲಿ ಗಾಳಿಯಾಡದಿದ್ದರೆ ಕಾವು ಸಿಕ್ಕಿಕೊಂಡು ಗಾಜು ಬಿರುಕು ಬಿಡಬಹುದು. ಮ್ಯಾಟ್ ಗಾಳಿಯನ್ನು ಬಿಸಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಅಮೆರಿಕದ ಕೊರೆಯುವ ಚಳಿಯ ರಾಜ್ಯ ಮಿನ್ನೆಸೋಟದಂಥ ಕಡೆ ಚಳಿಗಾಲದಲ್ಲಿ ಕೋಣೆ 20 ಡಿಗ್ರಿಗಿಂತ ಕೆಳಗಿಳಿದರೆ ಕೋಣೆಯನ್ನೇ ಬೆಚ್ಚಗಿಡಬೇಕು.

ಕಾವು ಸರಿಯಾದ ಮೇಲೆ ಊಟ. ಮರಿಗೆ ಐದರಿಂದ ಏಳು ದಿನಕ್ಕೊಂದು ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ. ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ಇಲಿ, ಹಾವಿನ ಅತಿ ದಪ್ಪ ಭಾಗದಷ್ಟೇ ದಪ್ಪದ್ದು. ಫ್ರೀಜರಿನ ಇಲಿಯನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಕರಗಿಸಿ, ಚೀಲದಲ್ಲಿ ಕಟ್ಟಿ 40 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಇಡಿ. ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಮಂಜುಗಡ್ಡೆ ಇದೆ. ಮೈಕ್ರೋವೇವ್ ಬೇಡ, ಇಲಿ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯೇ ಉಳಿಯುತ್ತದೆ. ಊಟವಾದ ಎರಡು ದಿನ ಹಾವನ್ನು ಎತ್ತಬೇಡಿ. ಕಕ್ಕಿದರೆ ಹತ್ತು ಹದಿನಾಲ್ಕು ದಿನ ಬರೀ ನೀರು, ಆಮೇಲೆ ಅರ್ಧ ಗಾತ್ರದ ಇಲಿ. ಮರುದಿನವೇ ಮತ್ತೆ ತಿನ್ನಿಸುವ ಆತುರ ಎಷ್ಟೋ ಮರಿಗಳ ಜೀವ ತೆಗೆಯುತ್ತದೆ.

ಒಂದು ತೊಟ್ಟಿಗೆ ಒಂದೇ ಹಾವು. ಇವು ಕಿಂಗ್ ಸ್ನೇಕ್ ಬಳಗದವು, ಜೊತೆಗಿಟ್ಟ ಹಾವನ್ನೂ ನುಂಗುತ್ತವೆ. ಅಮೆರಿಕದಲ್ಲಿ ಮಾರುವ ಈ ಮ್ಯಾಟ್ 120 ವೋಲ್ಟಿನದು, ಭಾರತದ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಬೇಡಿ. ಥರ್ಮೋಸ್ಟ್ಯಾಟ್‌ಗೂ ಸೇರಿಸಿ ದುಡ್ಡು ಇಟ್ಟುಕೊಂಡಿದ್ದರೆ ಈ ಮ್ಯಾಟ್ ಧಾರಾಳವಾಗಿ ಕೊಳ್ಳಬಹುದು. ಮ್ಯಾಟಿಗೆ ಮಾತ್ರ ಇದ್ದರೆ ಇನ್ನೊಂದು ತಿಂಗಳು ಕಾಯಿರಿ, ಹಾವನ್ನೂ ಅಲ್ಲಿಯವರೆಗೆ ತರಬೇಡಿ.